ಕತ್ತರಿಯ ಆನೆಯೂ ನಾಗನ ಬನವೂ

ನಿಂತಲ್ಲಿಯೇ ನಿಲ್ಲುವ ಗಿಡಕ್ಕೆ ನಡೆದಾಡುವ ಪ್ರಾಣಿಯ ರೂಪವನ್ನು ಕೊಟ್ಟು ನೋಡಬೇಕೆಂಬ ಆಸೆಯು ಮನುಷ್ಯನಿಗೆ ಬಹು ಹಳೆಯದು. ಕ್ರಿಸ್ತಶಕ ೧೦೦ರ ಸುಮಾರಿನಲ್ಲಿದ್ದ ರೋಮಿನ ಪ್ರಭು ಪ್ಲಿನಿಯು ತನ್ನ ಹಳ್ಳಿಮನೆಯ ಉದ್ಯಾನವನ್ನು ಗೆಳೆಯನಿಗೆ ಬಣ್ಣಿಸಿ ಬರೆದ ಪತ್ರದಲ್ಲಿ, ಅಲ್ಲಿಯ ಪೊದೆಗಳನ್ನು ಮೃಗಗಳ ಆಕಾರಕ್ಕೂ, ಯಜಮಾನನ ಮತ್ತು ತೋಟಗಾರನ ಹೆಸರಿನ ಅಕ್ಷರಗಳಿಗೂ ಸರಿಯಾಗಿ ಕತ್ತರಿಸಿದ್ದುದನ್ನು ಹೇಳಿರುವನು. ಇಂಗ್ಲೆಂಡಿನ ಲೆವೆನ್ಸ್ ಹಾಲ್ ಎಂಬಲ್ಲಿ ೧೬೯೪ರಲ್ಲಿ ತೊಡಗಿದ ಇಂತಹ ಉದ್ಯಾನವೊಂದು ಮುನ್ನೂರು ವರ್ಷಗಳು ಕಳೆದರೂ ಕತ್ತರಿಯ ಕೆಳಗೆ ಬಾಳುತ್ತಿದೆ. ಟೋಪಿಯರಿ ಎಂದು ಪಾಶ್ಚಾತ್ಯರು ಕರೆಯುವ ವಿದ್ಯೆಯು ಇದೇ. ನಮ್ಮವರೂ ೬೪ ಕಲೆಗಳಲ್ಲಿ ವೃಕ್ಷಾಯುರ್ವೇದವನ್ನು ಎಣಿಸಿದರು. ೧೦೨೫ರ ಸುಮಾರಿನಲ್ಲಿ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಅದಕ್ಕೆ ಸ್ಥಾನವನ್ನು ಕೊಟ್ಟನು.

ಒಂದು ವಸ್ತುವಿನಲ್ಲಿ ಇನ್ನೊಂದರ ರೂಪವನ್ನು ಕಾಣುವ ವಿನೋದವಾದರೋ ನಮ್ಮ ಸೀಮೆಗೆ ಹೊಸದಲ್ಲ. ಮೂಡಬಿದಿರೆಯ ಚೌಟರ ಅರಮನೆಯ ಮರದ ಕಂಬಗಳನ್ನು ನೋಡಿದವರು ನವನಾರೀಕುಂಜರವನ್ನು ಮರೆಯಲಾರರು. ಒಂಬತ್ತು ಮಂದಿ ಸ್ತ್ರೀಯರು ಒಬ್ಬರೊಡನೊಬ್ಬರು ಹೆಣೆದುಕೊಂಡು ಆನೆಯಾಗಿರುವರು. ಅಲ್ಲಿಯೇ ಐವರು ಸೇರಿ ಕುದುರೆಯಾಗಿರುವರು. ಆ ಶಿಲ್ಪಿಯು ಉಳಿಯನ್ನು ಕೆಳಗಿಟ್ಟ ದಿನವೇ ಆನೆಯು ಪೂರ್ಣವಾಯಿತು. ಕಡಿದ ಮರವು ಮತ್ತೆ ಚಿಗುರುವುದಿಲ್ಲವಷ್ಟೆ. ಬದುಕಿರುವ ಗಿಡದ ಆನೆಯ ಸಂಗತಿಯು ಹಾಗಲ್ಲ.

ಬಂಟವಾಳದ ಕಡೆಯ ವೃದ್ಧ ಗೃಹಸ್ಥರೊಬ್ಬರು ಈಚೆಗೆ ಬೇಸಿಗೆಯ ರಜೆಯಲ್ಲಿ ಮಗ, ಸೊಸೆ, ಮೊಮ್ಮಗಳೊಡನೆ ಎರಡು ದಿನಗಳ ಮಟ್ಟಿಗೆ ಬೃಂದಾವನವನ್ನು ನೋಡಲು ಹೊರಟರು. ಪುತ್ತೂರು, ಸುಳ್ಯಗಳನ್ನು ದಾಟಿ, ಸಂಪಾಜೆಯ ಘಾಟಿಯನ್ನೇರಿ, ಮಡಿಕೇರಿಯಿಂದ ಇಳಿದು ಇಲವಾಲದಲ್ಲಿ ತಿರುಗಿ ಕೃಷ್ಣರಾಜಸಾಗರವನ್ನು ಮುಟ್ಟುವಾಗ ಸಾಯಂಕಾಲವಾಗಿದ್ದಿತು. ಪ್ರಯಾಣವು ವಿನೋದಕ್ಕಾಗಿಯೆಂದು ಹೇಳಿಕೊಂಡರೂ ತಂದೆಮಕ್ಕಳ ಮನಸ್ಸಿನಲ್ಲಿ ತೀರ್ಮಾನವಾಗದ ವಿಷಯವೊಂದಿದ್ದಿತು. ಮನೆಯ ಮೂಡು ದಿಕ್ಕಿನಲ್ಲಿ ತಲೆತಲಾಂತರದ ನಾಗಬನವಿದೆ. ಹಾಲೆ, ರೆಂಜೆ, ಸುರಗಿಯ ಮರಗಳು, ಅವನ್ನು ಸುತ್ತಿದ ಬಳ್ಳಿಗಳು, ನಡುವೆ ಪಾಚಿ ಹಿಡಿದ ನಾಗನ ಕಲ್ಲುಗಳು. ಅದನ್ನು ಸವರಿ, ಸಿಮೆಂಟಿನ ಕಟ್ಟೆಯನ್ನು ಕಟ್ಟಿಸಿ, ಸುತ್ತಲೂ ಹುಲ್ಲುಹಾಸನ್ನೂ ಕತ್ತರಿಸಿದ ಗಿಡಗಳನ್ನೂ ಬೆಳೆಯಿಸಬೇಕೆಂದು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನ ಅಭಿಪ್ರಾಯ. ತುಳುನಾಡಿನಲ್ಲಿ ಹಲವು ಬನಗಳು ಹೀಗೆ ಕಟ್ಟೆಗಳಾಗಿರುವುದನ್ನು ಅವನು ಉದಾಹರಿಸುತ್ತಿದ್ದನು. ವೃದ್ಧರಿಗೆ ಮನಸ್ಸಿಲ್ಲದಿದ್ದರೂ ಒಪ್ಪದಿರುವುದಕ್ಕೆ ಕಾರಣ ತೋರಲಿಲ್ಲ. ಉದುರಿದ ತರಗೆಲೆಯಿಂದ ಅಂಗಳವು ತುಂಬುವುದು ನಿಜ. ಮಳೆಗಾಲದಲ್ಲಿ ಗೆಲ್ಲು ಮುರಿದು ಹಟ್ಟಿಯ ಮಾಡಿನ ಮೇಲೆ ಬಿದ್ದುದೂ ನಿಜ. ಮಗುವು ಆಡುವಲ್ಲಿ ಹಾವು ಸುಳಿಯುವುದೆಂದು ಸೊಸೆಯು ಅಂಜುವುದೂ ನ್ಯಾಯವೇ.

ಬೃಂದಾವನವು ೧೯೨೭ರಲ್ಲಿ ಪ್ರಾರಂಭವಾಗಿ ೧೯೩೨ರಲ್ಲಿ ಮುಗಿದ ಉದ್ಯಾನ. ದಿವಾನ ಮಿರ್ಜಾ ಇಸ್ಮಾಯಿಲರು ಕಾಶ್ಮೀರದ ಶಾಲಿಮಾರ್ ಬಾಗಿನ ಮಾದರಿಯನ್ನು ಮನಸ್ಸಿನಲ್ಲಿಟ್ಟು ಇದನ್ನು ಮಾಡಿಸಿದರು. ಅಣೆಕಟ್ಟಿನ ಕೆಳಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ನೆಲದ ನಡುವೆ ನೀರು ಹರಿಯುವುದು. ಕಾರಂಜಿಗಳ ವೈಭವವನ್ನು ಇಲ್ಲಿ ವರ್ಣಿಸಬೇಕಾದುದಿಲ್ಲ. ವಾಚಕರಲ್ಲಿ ಅನೇಕರು ಕಂಡಿರುವರು. ಮೊಮ್ಮಗಳಿಗೆ ಹಿಡಿಸಿದುದು ಹಸುರೆಲೆಯ ಪ್ರಾಣಿಗಳು. ಆನೆಯೊಂದರ ಮುಂದೆ ನಿಂತು, “ಅಜ್ಜಾ, ಇದರ ಒಳಗೆ ಏನಿದೆ?” ಎಂದು ಕೇಳಿದಳು.

ಅಜ್ಜನು ಬಗ್ಗಿ ನೋಡಿದರು. ಹೊರಗೆ ಬೆರಳು ತೂರದಷ್ಟು ದಟ್ಟವಾದ ಎಲೆ. ಒಳಗೆ ಬೆಳಕು ಕಾಣದ ಬರಿಯ ಕಡ್ಡಿಗಳು. ಗಿಡದ ಸ್ವಭಾವವೇ ಹಾಗೆ. ತುದಿಯ ಮೊಗ್ಗು ಇರುವವರೆಗೆ ಅದು ಪಕ್ಕದ ಮೊಗ್ಗುಗಳನ್ನು ತಡೆದಿಡುವುದು. ತುದಿಯನ್ನು ಕತ್ತರಿಸಿದೊಡನೆ ಪಕ್ಕದವು ಚಿಗುರುವುವು. ಅವುಗಳ ತುದಿಯನ್ನೂ ಕತ್ತರಿಸಲು ಒಂದಿದ್ದಲ್ಲಿ ಹಲವಾಗುವುವು. ಗಿಡವು ಮೇಲೇರಲು ಮಾಡಿದ ಒಂದೊಂದು ಪ್ರಯತ್ನವೂ ಹೀಗೆ ಆನೆಯ ಚರ್ಮವಾಗುವುದು.

ಸಮೀಪದಲ್ಲಿ ಕತ್ತರಿ ಹಿಡಿದಿದ್ದ ಮಾಲಿಯನ್ನು ಮಗನು, ಒಮ್ಮೆ ರೂಪ ಬಂದ ಮೇಲೆ ಎಷ್ಟು ಕಾಲ ಇರುವುದೆಂದು ವಿಚಾರಿಸಿದನು. ಮಾಲಿಯು ನಕ್ಕು, “ಇರೋದೆಲ್ಲಿ ಬಂತು ಸ್ವಾಮಿ? ಒಂದು ಮಳೆಗಾಲ ಕೈ ಬಿಟ್ಟರೆ ಸೊಂಡಿಲು ಯಾವುದು, ಬಾಲ ಯಾವುದು ಅಂತ ನನಗೇ ಗೊತ್ತಾಗೋದಿಲ್ಲ” ಎಂದನು.

ಆ ರಾತ್ರಿ ಊಟದ ತರುವಾಯ ವೃದ್ಧರು ತಾವಾಗಿಯೇ ಮಾತನ್ನೆತ್ತಿದರು. “ಆನೆ ಚೆನ್ನಾಗಿದೆ. ಅದರ ಹಿಂದೆ ದಿನದಿನವೂ ಒಬ್ಬನಿದ್ದಾನೆ. ನೀನು ವರ್ಷಕ್ಕೆ ಎರಡು ಸಲ ಊರಿಗೆ ಬರುವವ; ನನಗೆ ಏಣಿ ಹತ್ತುವ ಪ್ರಾಯ ಕಳೆಯಿತು. ನಮ್ಮಲ್ಲಿ ಕತ್ತರಿ ಹಿಡಿಯುವವರು ಯಾರು?”

“ಬನವನ್ನು ಮಾತ್ರ ಯಾರು ನೋಡುತ್ತಾರೆ ಅಪ್ಪಾ?” ಎಂದು ಮಗನು ಕೇಳಿದನು.

“ಯಾರೂ ನೋಡಬೇಕಾಗಿಲ್ಲ, ಯಾರೂ ಕತ್ತಿ ಹಾಕದಿದ್ದರಾಯಿತು. ನನ್ನ ಅಜ್ಜ ಮನೆ ಕಟ್ಟಿಸುವಾಗ ಜಂತಿಗೆ ಮರ ಸಾಲದೆ ಸಾಲ ಮಾಡಿ ತಂದರಂತೆ. ಆ ದೊಡ್ಡ ಹಾಲೆಯ ಮರ ಅಂದೂ ಅಂಗಳದಿಂದ ಹತ್ತು ಮಾರು ದೂರದಲ್ಲಿಯೇ ಇತ್ತು.”

ಮಗನು ಬಹಳ ಹೊತ್ತು ಮಾತನಾಡಲಿಲ್ಲ. ಸೊಸೆಯು, ಬನಕ್ಕೂ ಅಂಗಳಕ್ಕೂ ನಡುವೆ ಎದೆಯೆತ್ತರದ ಮುರಕಲ್ಲಿನ ಪಾಗಾರವೊಂದಾದರೆ ತನಗೆ ಸಾಕೆಂದಳು. ಆ ಮಾತಿನಿಂದ ವಿವಾದವು ಮುಗಿಯಿತು. ಸಿಮೆಂಟಿಗೆಂದು ಇಟ್ಟ ಹಣದ ಸ್ವಲ್ಪ ಭಾಗದಿಂದಲೇ ಪಾಗಾರವಾಯಿತು; ಹಟ್ಟಿಯ ಮೇಲೆ ಬಾಗಿದ್ದ ಒಣಗೆಲ್ಲೊಂದನ್ನು ಮಾತ್ರ ಪುರೋಹಿತರನ್ನು ಕೇಳಿ, ಪ್ರಾರ್ಥನೆ ಮಾಡಿ ತೆಗೆಯಿಸಿದರು. ಶ್ರಾವಣದ ಪಂಚಮಿಯಂದು ಎಂದಿನಂತೆ ಮರಗಳ ನೆರಳಿನಲ್ಲಿಯೇ ನಾಗನಿಗೆ ತನು ಎರೆದುದಾಯಿತು.

ಇದರಿಂದ ಕತ್ತರಿಯ ಕಲೆಯು ಹೀನವೆಂದು ಭಾವಿಸಲಾಗದು. ಆನೆಯು ಆನೆಯಾಗಿ ಉಳಿಯುವುದಕ್ಕೆ ಮಾಲಿಯ ಕೈಯು ಹೇಗೆ ಪ್ರತಿದಿನವೂ ಬೇಕೋ, ಬನವು ಬನವಾಗಿ ಉಳಿಯುವುದಕ್ಕೆ ಮನೆಯವರ ಸಂಯಮವೂ ಹಾಗೆಯೇ ತಲೆಮಾರು ತಲೆಮಾರಿಗೆ ಬೇಕು. ಮಾಲಿಯು ಒಂದು ಮಳೆಗಾಲ ತಪ್ಪಿದರೆ ಮರುವರ್ಷ ಆನೆಯನ್ನು ತಿದ್ದಬಹುದು. ಸಂಯಮವು ಒಂದು ಮಧ್ಯಾಹ್ನ ತಪ್ಪಿದರೆ ನೂರು ವರ್ಷದ ಹಾಲೆಯನ್ನು ಯಾರೂ ತಿರುಗಿ ನಿಲ್ಲಿಸಲಾರರು.

ಮೊಮ್ಮಗಳ ಆಸೆಯನ್ನೂ ಅಜ್ಜನು ಮರೆಯಲಿಲ್ಲ. ದಣಪೆಯ ಬಳಿಯ ದಾಸವಾಳದ ಬೇಲಿಯಲ್ಲಿ ಒಂದು ಗಿಡವನ್ನು ಅವಳಿಗೆ ಬಿಟ್ಟುಕೊಟ್ಟಿರುವರು. ಆಟಿಯ ಮಳೆಗೆ ಅವಳ ಆನೆಯ ಸೊಂಡಿಲು ಮೂರು ಕವಲಾಗಿ ಒಡೆದು, ತುದಿಯಲ್ಲಿ ಒಂದು ಕೆಂಪು ಹೂವೂ ಅರಳಿದ್ದಿತು. ಹೂವು ಬಾಡುವ ತನಕ ಕತ್ತರಿಸುವುದು ಬೇಡವೆಂದು ಅವಳೇ ಹೇಳಿದಳಂತೆ.