ಕೆಂಬೇರಿಯ ಕೆಂಪು

ಮುಂಬಯಿಯಲ್ಲಿ ಹಳೇ ಕ್ಯಾಮೆರಾ ಬೇಕೆಂದರೆ ಬೋರಾ ಬಜಾರಿಗೆ ಹೋಗಬೇಕು. ನಾವು ಇಂದಿಗೂ ವಿ.ಟಿ. ಎಂದೇ ಕರೆಯುವ ಸ್ಟೇಶನ್ನಿನ ಎದುರುಗಡೆ ಗಲ್ಲಿ. ‘ನೀರಿನೊಳಗೆ ಫೋಟೋ ತೆಗೆಯುವಂಥದ್ದು ಬೇಕು, ಇಪ್ಪತ್ತೈದು ಸಾವಿರದ ಒಳಗೆ’ ಅಂದರೆ ಅಂಗಡಿಯವರು ಮೊದಲು ಕೇಳುವುದು, ‘ಅಂಡಮಾನಾ, ಮಾಲ್ಡೀವ್ಸಾ?’ ಎಂದು. ನಾನು ಮುರುಡೇಶ್ವರ ಅಂದೆ. ಆ ಮನುಷ್ಯ ದೇವಸ್ಥಾನಕ್ಕೆ ಈ ಕ್ಯಾಮೆರಾ ಯಾಕೆ ಎನ್ನುವ ಹಾಗೆ ನನ್ನನ್ನು ನೋಡಿದ.

ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಉಪ್ಪುಂದದ ನಮ್ಮಪ್ಪಯ್ಯ ಆ ಕಡೆಯ ನೀರಿನಲ್ಲಿ ನಲವತ್ತು ವರ್ಷ ಮೀನು ಹಿಡಿದವರು. ಅಲ್ಲಿನ ಕಲ್ಲಿಗೆ ಸಿಕ್ಕಿ ಹರಿದುಹೋದ ಬಲೆಗಳ ಲೆಕ್ಕ ಅವರಿಗೆ ಇನ್ನೂ ಬಾಯಿಪಾಠ. ಆದರೆ ಆ ಕಲ್ಲು ಹೇಗಿದೆ ಎಂದು ಅವರು ಕಂಡದ್ದಿಲ್ಲ. ಈಗ ಎಪ್ಪತ್ತಾರು ವರ್ಷ. ಗ್ಲಾಕೋಮಾದಲ್ಲಿ ಒಂದು ಕಣ್ಣು ಹೋಗಿದೆ, ಇನ್ನೊಂದರ ಅಂಚು ಮಸುಕಾಗುತ್ತಿದೆ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು ಅಷ್ಟೇ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ, ದುಡ್ಡು ಕೂಡಿಟ್ಟು ಮುಂದೆಂದಾದರೂ ಒಳ್ಳೇ ಕ್ಯಾಮೆರಾ ತಗೊಳ್ಳೋಣ ಎನ್ನುವ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಸ್ಕೂಬಾ ಕೋರ್ಸು ಮುಗಿಸಿ, 18 ಮೀಟರಿನವರೆಗೆ ಇಳಿಯುವ ಅರ್ಹತೆ ಸಿಕ್ಕಿದ ಮೇಲೆ, ಆಫೀಸಿನ ಗೆಳೆಯನ ಆ್ಯಕ್ಷನ್ ಕ್ಯಾಮೆರಾ ಎರವಲು ತಂದು ಕೆಲವು ಚಿತ್ರ ತೆಗೆದಿದ್ದೆ. ಮನೆಯಲ್ಲಿ ತೋರಿಸಿದಾಗ ಅಪ್ಪಯ್ಯ ಮುಖಕ್ಕೆ ಹತ್ತಿರ ಹಿಡಿದು ನೋಡಿ, ‘ಇದ್ ಕೆಂಬೇರಿ ಅಲ್ಲ ಮಗಾ. ಕೆಂಬೇರಿ ಅಂದ್ರೆ ಕೆಂಪ್ ಇರ್ಕಲೆ?’ ಅಂದ್ರು. ಮೀನು ಕೆಂಬೇರಿಯೇ. ಆದರೆ ಚಿತ್ರದಲ್ಲಿ ಬೂದಿ ಬಣ್ಣ.

ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಹೆಚ್ಚುಕಡಿಮೆ ಮಾಯ, ಅದರ ಹಿಂದೆ ಕಿತ್ತಳೆ, ಆಮೇಲೆ ಹಳದಿ. ಉಳಿಯುವುದು ನೀಲಿ-ಹಸಿರು. ಅಪ್ಪಯ್ಯ ಕೆಂಬೇರಿ ನೋಡಿದ್ದು ದೋಣಿಯ ಹಲಗೆಯ ಮೇಲೆ, ಬಿಸಿಲಿನಲ್ಲಿ. ಅವರಿಗೆ ಗುರುತು ಸಿಗುವ ಚಿತ್ರ ಬೇಕಾದರೆ ಆ ಬಿಸಿಲನ್ನು ನಾನೇ ಕೆಳಗೆ ಒಯ್ಯಬೇಕು. ಅಂದರೆ ಟಾರ್ಚು.

ಇದು ಹೊಳೆದ ಮೇಲೆ ಆಯ್ಕೆ ಸುಲಭವಾಯಿತು ನೋಡಿ. ಮೆಗಾಪಿಕ್ಸೆಲ್ ಮಾತೇ ಬೇಡ. ಮೊಬೈಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಇಳಿಯುವುದು ಈಜುಕೊಳಕ್ಕೆ ಸರಿ. ಪೆಟ್ಟಿಗೆಯಿಲ್ಲದ ಗೋಪ್ರೋಗೆ 10 ಮೀಟರ್ ಮಿತಿ, ಒಲಿಂಪಸ್ ಟಿಜಿ-6ಕ್ಕೆ 15. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ನಾನು 18ಕ್ಕೆ ಇಳಿಯುವವನು. ಟಿಜಿ-6 ಒಳ್ಳೇ ಕ್ಯಾಮೆರಾ, ಸುಳ್ಳು ಹೇಳಬಾರದು, ಆದರೆ ಅದಕ್ಕೂ ಬೇರೆ ಪೆಟ್ಟಿಗೆ ಕೊಂಡರೆ ಟಾರ್ಚಿಗೆ ದುಡ್ಡು ಉಳಿಯುತ್ತಿರಲಿಲ್ಲ.

ಕೊನೆಗೆ ಸಿಕ್ಕಿದ್ದು 2013ರಲ್ಲಿ ಬಂದ ಕ್ಯಾನನ್ ಜಿ16, ಅದಕ್ಕೆಂದೇ ಮಾಡಿದ, 40 ಮೀಟರ್ ತಾಳುವ ಪಾರದರ್ಶಕ ಪೆಟ್ಟಿಗೆಯ ಸಮೇತ. ಎರಡೂ ಸೆಕೆಂಡ್ ಹ್ಯಾಂಡ್. ಚೌಕಾಶಿ ಮಾಡಿ ಹದಿನೇಳು ಸಾವಿರಕ್ಕೆ ತಂದೆ. ರಾ ಫೈಲಿನಲ್ಲಿ ಚಿತ್ರ ಉಳಿಸುತ್ತದೆ, ಮನೆಗೆ ಬಂದು ಬಣ್ಣ ಸರಿಪಡಿಸಬಹುದು. ಆದರೆ ಕೆಳಗೆ ಬೆಳಕೇ ಬೀಳದಿದ್ದರೆ ಯಾವ ರಾ ಫೈಲಿನಿಂದಲೂ ಇಲ್ಲದ ಕೆಂಪು ಹುಟ್ಟುವುದಿಲ್ಲ. ಉಳಿದ ದುಡ್ಡಿನಲ್ಲಿ ಹೆಚ್ಚಿನ ಪಾಲು ಟಾರ್ಚಿಗೆ ಹೋಯಿತು. ಅದನ್ನು ಒಂದು ಕೈಪಟ್ಟಿಗೆ ಸಿಕ್ಕಿಸಿ ಲೆನ್ಸಿನಿಂದ ದೂರ, ಓರೆಯಾಗಿ ಹಿಡಿಯಬೇಕು. ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಹಾಕಿದರೆ ನೀರಿನ ಕಸವೆಲ್ಲ ಬೆಳಗಿ, ಹಿಮಾಲಯದಲ್ಲಿ ತೆಗೆದ ಹಾಗೆ ಕಾಣುತ್ತದೆ. ಮೀನಿನ ಹತ್ತಿರಕ್ಕೂ ಹೋಗಬೇಕು. ಒಂದು ಮೀಟರಿಗಿಂತ ದೂರವಾದರೆ ಟಾರ್ಚಿನ ಕೆಂಪನ್ನೂ ನೀರೇ ತಿನ್ನುತ್ತದೆ.

ಹಳೇ ಪೆಟ್ಟಿಗೆಯನ್ನು ನಂಬುವುದು ಹೇಗೆ? ಡೊಂಬಿವಲಿಯ ಬಾತ್‌ರೂಮಿನಲ್ಲಿ, ಒಳಗೆ ಟಿಶ್ಯೂ ಪೇಪರ್ ಮಡಿಸಿಟ್ಟು, ಬಕೆಟ್ಟಿನಲ್ಲಿ ಒಂದು ಗಂಟೆ ಮುಳುಗಿಸಿ ಹಿಡಿದೆ. ‘ಮಗುವಿಗೆ ಸ್ನಾನ ಮಾಡಿಸಿದ ಹಾಗಿದೆ’ ಎಂದು ಹೆಂಡತಿ ನಕ್ಕಳು. ಪೇಪರ್ ಒಣಗೇ ಇತ್ತು. ಆದರೆ ಬಕೆಟ್ಟಿನಲ್ಲಿ ಸಮುದ್ರದ ಒತ್ತಡ ಎಲ್ಲಿಂದ ಬರಬೇಕು? ಅದಕ್ಕೇ ನೇತ್ರಾಣಿಯ ಮೊದಲ ಡೈವಿನಲ್ಲಿ ಪೆಟ್ಟಿಗೆಯನ್ನು ಖಾಲಿಯೇ ಒಯ್ದೆ. ಖಾಲಿ ಪೆಟ್ಟಿಗೆ ಮೇಲಕ್ಕೆ ಜಗ್ಗುತ್ತದೆ, ಒಳಗೆ ಭಾರ ಬೇಕು. ಅಪ್ಪಯ್ಯ ಅಟ್ಟದಿಂದ ಹಳೇ ಬಲೆ ಇಳಿಸಿ, ಅದರ ಸೀಸದ ಗುಂಡುಗಳನ್ನು ಬಿಚ್ಚಿ ಕೊಟ್ಟರು. ಹನಿ ನೀರೂ ಒಳಗೆ ಬರಲಿಲ್ಲ. ಎರಡನೇ ಡೈವಿಗೆ ಕ್ಯಾಮೆರಾ ಒಳಗೆ ಹೋಯಿತು. ರಬ್ಬರ್ ಉಂಗುರಕ್ಕೆ ತೆಳ್ಳಗೆ ಸಿಲಿಕೋನ್ ಗ್ರೀಸು, ಗಾಜು ಮಂಜಾಗದಂತೆ ಚಪ್ಪಲಿ ಡಬ್ಬಿಗಳಿಂದ ಉಳಿಸಿಟ್ಟ ಸಿಲಿಕಾ ಜೆಲ್ ಪೊಟ್ಟಣ. ಉಂಗುರದ ಮೇಲೆ ಒಂದು ಕೂದಲು ಉಳಿದರೂ ನೀರು ದಾರಿ ಹುಡುಕಿಕೊಳ್ಳುತ್ತದೆ, ನಾಲ್ಕು ಸಲ ಒರೆಸಿದೆ.

ಸಂಜೆ ಟಿವಿಗೆ ಹಾಕಿ ತೋರಿಸಿದೆ. ಅಪ್ಪಯ್ಯ ಸ್ಟೂಲು ಎಳೆದು ಪರದೆಯ ಪಕ್ಕವೇ ಕೂತರು, ತಲೆ ಓರೆ ಮಾಡಿ, ಕಾಣುವ ಕಣ್ಣಿನ ಕಡೆಯಿಂದ. ‘ಇದ್ ಹೌದ್’ ಅಂದ್ರು. ಆಮೇಲೆ ಮೀನು ಬಿಟ್ಟು ಅದರ ಹಿಂದಿನ ಕಲ್ಲನ್ನೇ ನೋಡತೊಡಗಿದರು. ಬೆರಳಿನಿಂದ ಅದರ ಅಂಚು ಗುರುತಿಸುತ್ತಾ, ‘ಇದ್ರ ಬುಡ ಕಾಂಬಂಗೆ ಒಂದ್ ತೆಗಿ ಕಾಂಬ’ ಅಂದ್ರು.

ಬುಡದ ತನಕ ಕಾಣಬೇಕಾದರೆ ಪೆಟ್ಟಿಗೆಯ ಮುಂದೆ ವೈಡ್ ಲೆನ್ಸು ಸಿಕ್ಕಿಸಬೇಕು, ಟಾರ್ಚೂ ಎರಡು ಬೇಕಾಗಬಹುದು. ಖರ್ಚಿನ ಮಾತು ಅವರ ಹತ್ತಿರ ಎತ್ತಲಿಲ್ಲ. ಮಳೆಗಾಲದಲ್ಲಿ ನೇತ್ರಾಣಿಗೆ ಬೋಟು ಹೋಗುವುದಿಲ್ಲ. ನವೆಂಬರಿಗೆ ಮತ್ಸ್ಯಗಂಧದಲ್ಲಿ ಬೈಂದೂರಿಗೆ ಟಿಕೆಟು ತೆಗೆಸಿದ್ದೇನೆ.