ಗಾಂಧಿ ಗಂಜದಲ್ಲೊಂದು ಹಸಿರು ಮೇಜು

ಬೀದರಿಗೆ ಬಂದ ಪ್ರವಾಸಿಯು ಮೊದಲು ಕೋಟೆಗೆ ಹೋಗುತ್ತಾನೆ, ಅದು ನ್ಯಾಯವೇ. ಬಹಮನಿ ಸುಲ್ತಾನ ಅಹಮದ್ ಷಾ ಹದಿನೈದನೆಯ ಶತಮಾನದಲ್ಲಿ ಗುಲ್ಬರ್ಗವನ್ನು ಬಿಟ್ಟು ಈ ಕೆಂಪು ಕಲ್ಲಿನ ಪ್ರಸ್ಥಭೂಮಿಯನ್ನು ತನ್ನ ರಾಜಧಾನಿಗಾಗಿ ಆರಿಸಿಕೊಂಡದ್ದು ಏಕೆಂಬುದು ಆ ಕೋಟೆಯ ಗೋಡೆಯ ಮೇಲೆ ನಿಂತು ಗಾಳಿಗೆ ಮುಖವೊಡ್ಡಿದವರಿಗೆ ತಾನೇ ತಿಳಿಯುತ್ತದೆ. ಅಲ್ಲಿಂದ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ, ಚೌಬಾರಾ, ಅಷ್ಟೂರಿನ ಗುಮ್ಮಟಗಳು, ನಾನಕ್ ಝೀರಾ. ಸಂಜೆ ಬಿದರಿ ಕುಸುರಿಗಾರರ ಅಂಗಡಿಯಲ್ಲಿ ಒಂದು ಹೂದಾನಿಯೋ ಡಬ್ಬಿಯೋ. ಅಷ್ಟರಲ್ಲಿ ರೈಲಿನ ವೇಳೆಯಾಗಿರುತ್ತದೆ. ಗಾಂಧಿ ಗಂಜವನ್ನು ನೋಡಲೆಂದೇ ಬಂದವರೊಬ್ಬರನ್ನಾದರೂ ನಾನು ಈ ಊರಿನ ಕಾಲೇಜಿಗೆ ಬಂದು ಸೇರಿದ ಏಳು ವರ್ಷಗಳಲ್ಲಿ ಕಂಡಿಲ್ಲ.

ಗಂಜ್ ಎಂಬುದು ಪಾರಸಿಯಿಂದ ಬಂದ ಮಾತು. ನಿಧಿ, ಭಂಡಾರ ಎಂದು ಅರ್ಥ. ಕನ್ನಡ ಪಾಠ ಹೇಳುವವನ ಕಿವಿಗೆ ‘ಗಂಜ’ವೂ ನಮ್ಮ ‘ಕಣಜ’ವೂ ಅಣ್ಣತಮ್ಮಂದಿರಂತೆ ಕೇಳಿಸುತ್ತವೆ; ಭಾಷಾಶಾಸ್ತ್ರಜ್ಞರು ಒಪ್ಪಲಾರರು, ಇರಲಿ. ಹಳೆಯ ಊರಿನ ಗೋಡೆಗೆ ಶಾಹಗಂಜ್ ದರ್ವಾಜೆಯೆಂಬ ಬಾಗಿಲೊಂದಿದೆ. ಸುಲ್ತಾನರ ಗಂಜ ಬಾಗಿಲಿಗೆ ಹೆಸರಾಗಿ ಉಳಿಯಿತು. ಮಹಾತ್ಮರ ಹೆಸರಿನ ಗಂಜ ಇಂದಿಗೂ ಕಾಳಿನಿಂದ ತುಂಬುತ್ತಿದೆ. ಭಾದ್ರಪದದ ಹೊತ್ತಿಗೆ ಹೆಸರು ಮತ್ತು ಉದ್ದು, ದಸರೆಯ ಸುಮಾರಿಗೆ ಸೋಯಾಬೀನ್, ಎಳ್ಳಮಾವಾಸ್ಯೆಯಿಂದ ಮುಂದಕ್ಕೆ ತೊಗರಿ, ಅದರ ಬೆನ್ನಿಗೇ ಕಡಲೆ: ಪಂಚಾಂಗವಿಲ್ಲದೆಯೂ ಇಲ್ಲಿನ ವಾಸನೆಯಿಂದಲೇ ತಿಂಗಳನ್ನು ಹೇಳಬಹುದು. ಭಾಲ್ಕಿಯಿಂದ, ಔರಾದಿನಿಂದ ಬಂದ ರೈತನು ತನ್ನ ರಾಶಿಯ ಪಕ್ಕದಲ್ಲಿ ಕುಳಿತು ಸವಾಲಿನ ಕೂಗಿಗೆ ಕಿವಿಗೊಟ್ಟಿರುತ್ತಾನೆ. ಕೂಗು ಒಂದು ಭಾಷೆಯದಲ್ಲ. ದರ ಉರ್ದುವಿನಲ್ಲಿ, ಚೌಕಾಶಿ ಕನ್ನಡದಲ್ಲಿ, ಲೆಕ್ಕ ಮರಾಠಿಯಲ್ಲಿ, ಬೈಗುಳ ಮೂರರಲ್ಲಿಯೂ.

ಈ ಗದ್ದಲದ ಹಿಂಬದಿಯ ಓಣಿಯಲ್ಲಿ, ಅಡತ್ ಅಂಗಡಿಯೊಂದರ ಗೋದಾಮಿನೊಳಗೆ, ಹಸಿರು ಬಣ್ಣದ ಒಂದು ಟೇಬಲ್ ಟೆನಿಸ್ ಮೇಜು ಇದೆ. ಸಾಹುಕಾರರು ಅದನ್ನು ಮಗನಿಗೆಂದು ಕೊಂಡಿದ್ದರು. ಮಗ ಇಂಜಿನಿಯರಿಂಗ್ ಓದಲು ಹೈದರಾಬಾದಿಗೆ ಹೋದ, ಮೇಜು ಉಳಿಯಿತು. “ಹುಡುಗರು ಮೊಬೈಲ್ ಬಿಟ್ಟು ಒಂದ್ ತಾಸು ಆಡಿದ್ರ ಸಾಕ್ರಿ ಸರ್, ಬಾಡಿಗಿ ಏನೂ ಬ್ಯಾಡ” ಎಂದು ಅವರು ಬೀಗದ ಕೈಯನ್ನು ನನ್ನ ಕೈಗಿತ್ತರು. ಹಾಗೆ ಹುಟ್ಟಿದ ಕೂಟಕ್ಕೆ ಹೆಸರಿಲ್ಲ, ಫಲಕವಿಲ್ಲ; ತಿಂಗಳಿಗೆ ನೂರು ರೂಪಾಯಿಯ ವಂತಿಗೆ ಮಾತ್ರ ಉಂಟು. ಅದು ಚೆಂಡಿಗೂ ವಿದ್ಯುದ್ದೀಪಕ್ಕೂ ಸರಿಹೋಗುತ್ತದೆ.

ಮೇಜಿನ ಉದ್ದ 9 ಅಡಿ, ಅಗಲ 5 ಅಡಿ, ಚೆಂಡಿನ ತೂಕ 2.7 ಗ್ರಾಂ. ತೂಕವನ್ನೇ ಬದುಕಾಗಿ ಮಾಡಿಕೊಂಡ ಗಂಜದಲ್ಲಿ ಇದಕ್ಕಿಂತ ಹಗುರವಾದ ಸರಕು ಬೇರೆ ಇರಲಾರದು. ಫ್ಯಾನು ಹಾಕಿದರೆ ಚೆಂಡು ದಾರಿ ತಪ್ಪುತ್ತದೆ. ಹಾಕದಿದ್ದರೆ ವೈಶಾಖದಲ್ಲಿ ಆಟಗಾರನೇ ದಾರಿ ತಪ್ಪುತ್ತಾನೆ. ಕಾಳಿನ ಹೊಟ್ಟು, ಬೀದರಿನ ಕೆಂಪು ಧೂಳು ಎರಡೂ ಬ್ಯಾಟಿನ ರಬ್ಬರಿಗೆ ಅಂಟಿ ಅದರ ಹಿಡಿತವನ್ನು ತಿಂದುಬಿಡುತ್ತವೆ. ಆದುದರಿಂದ ಬಾಗಿಲ ಬಳಿ ನೀರಿನ ಬಟ್ಟಲು, ಒಂದು ಒದ್ದೆ ಬಟ್ಟೆ. ಚೆಂಡು ಮೂಲೆಮೂಲೆಗೆ ಓಡದಂತೆ ತಡೆಯಲು ಹರಿದ ಗೋಣಿಗಳನ್ನು ಹೊಲಿದು ಸುತ್ತ ಕಟ್ಟಿದ್ದೇವೆ. ದೊಡ್ಡ ಊರಿನ ಕ್ಲಬ್ಬುಗಳಲ್ಲಿ ಇದಕ್ಕೆ ಬೇರೆಯ ಏರ್ಪಾಡು ಉಂಟು; ಗೋಣಿಯಷ್ಟು ಮೃದುವಾಗಿ ಚೆಂಡನ್ನು ಹಿಡಿಯುವ ವಸ್ತುವನ್ನು ನಾನಂತೂ ಕಂಡಿಲ್ಲ.

ಕೂಟವನ್ನು ಕಟ್ಟುವುದು ಸುಲಭ. ಬಂದವರು ನಾಳೆಯೂ ಬರುವಂತೆ ಮಾಡುವುದೇ ಕಷ್ಟ. ಮೊದಲ ವಾರ ನಲವತ್ತು ಜನ ಬಂದರು, ತಿಂಗಳೊಳಗೆ ಹದಿನೈದಾದರು. ಆಟ ಬೇಸರವಾಯಿತೆಂದು ಹೇಳಿ ಹೋದವರಿಲ್ಲ. ಸುಮ್ಮನೆ ಬರುವುದನ್ನು ಬಿಟ್ಟರು, ಅಷ್ಟೆ. ಹದಿನೈದು ದಿನ ಮೂಲೆಯಲ್ಲಿ ಕುಳಿತು ನೋಡಿದ ಮೇಲೆ ಕಾರಣ ಕಂಡಿತು. ನಮ್ಮಲ್ಲಿ ಎಲ್ಲೆಡೆ ಇರುವಂತೆ ಇಲ್ಲಿಯೂ ‘ಗೆದ್ದವನು ನಿಲ್ಲಬೇಕು, ಸೋತವನು ಇಳಿಯಬೇಕು’ ಎಂಬ ಶಾಸನವಿತ್ತು. ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ ಫಲವನ್ನು ನೋಡಿ. ಹೊಸಬನು ಮುಕ್ಕಾಲು ಗಂಟೆ ಕಾಯುತ್ತಾನೆ, ಮೂರು ನಿಮಿಷದಲ್ಲಿ ಸೋಲುತ್ತಾನೆ, ಮತ್ತೆ ಮುಕ್ಕಾಲು ಗಂಟೆ ಕಾಯುತ್ತಾನೆ. ಚೆನ್ನಾಗಿ ಆಡಬಲ್ಲವನಿಗೆ ಇಡೀ ಸಂಜೆ ಆಟ. ಕಲಿಯಬೇಕಾದವನಿಗೆ ಇಡೀ ಸಂಜೆ ಬೆಂಚು. ಆ ಶಾಸನವನ್ನು ತೆಗೆದುಹಾಕಿ, ಒಂದು ಆಟ ಮುಗಿದೊಡನೆ ಇಬ್ಬರೂ ಇಳಿಯಬೇಕೆಂದು ಮಾಡಿದೆವು. ಗೆಲ್ಲುವ ನಾಲ್ವರು ಗೊಣಗಿದರು. ಉಳಿದವರು ಉಳಿದರು.

ಎರಡನೆಯದು ರಿಯಾಯಿತಿ. 2001ರವರೆಗೆ ಒಂದು ಆಟಕ್ಕೆ 21 ಅಂಕಗಳಿದ್ದುವು. ಅಂತರರಾಷ್ಟ್ರೀಯ ಒಕ್ಕೂಟವು ಆ ವರ್ಷ ಅದನ್ನು 11ಕ್ಕೆ ಇಳಿಸಿತು, ಐದೈದು ಸರ್ವಿಸುಗಳ ಸರದಿಯನ್ನು ಎರಡೆರಡಕ್ಕೆ ತಂದಿತು. ಇದರಿಂದ ನಮ್ಮಂಥ ಬಡ ಕೂಟಗಳಿಗೆ ಆದ ಉಪಕಾರ ಸಾಮಾನ್ಯವಲ್ಲ: ಕಾಯುವ ಹೊತ್ತು ಅರ್ಧವಾಯಿತು, ದುರ್ಬಲನಿಗೂ ಅದೃಷ್ಟದ ಒಂದು ಬಾಗಿಲು ತೆರೆಯಿತು. ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೊಸಬನಿಗೆ ನಾಲ್ಕೋ ಐದೋ ಅಂಕಗಳನ್ನು ಮೊದಲೇ ಕೊಟ್ಟು ಆಟ ಆರಂಭಿಸುತ್ತೇವೆ. ಯಾರಿಗೆ ಎಷ್ಟು ಎಂಬುದನ್ನು ಶನಿವಾರ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆಯುವುದು. ಗಂಜದವರಿಗೆ ಇದು ಬಹಳ ಬೇಗ ಹಿಡಿಸಿತು. ಅವರ ದೃಷ್ಟಿಯಲ್ಲಿ ಅದು ದರದ ಹಲಗೆ. ಕಲಿಯುವವನು ‘ಹಸಿ ಮಾಲು’. “ಈ ವಾರ ಅವ ಒಣಗ್ಯಾನ್ರಿ, ಒಂದು ಅಂಕ ಕಡಿಮಿ ಮಾಡ್ರಿ” ಎಂದು ವಾದಿಸುವ ದಲಾಲರ ಗಾಂಭೀರ್ಯವನ್ನು ನೋಡಬೇಕು.

ಜೋಡಿ ಆಟದ ಗುಣವೇ ಬೇರೆ. ಅದರಲ್ಲಿ ಜೊತೆಗಾರರಿಬ್ಬರೂ ಚೆಂಡನ್ನು ಒಬ್ಬರಾದ ಮೇಲೊಬ್ಬರು ಹೊಡೆಯಲೇಬೇಕೆಂಬ ನಿಯಮವಿದೆ. ಟೆನಿಸಿನಲ್ಲಿ, ಷಟಲಿನಲ್ಲಿ ಬಲ್ಲವನು ಎಲ್ಲ ಚೆಂಡುಗಳನ್ನೂ ತಾನೇ ಕಬಳಿಸಬಹುದು. ಇಲ್ಲಿ ಅದಕ್ಕೆ ಆಸ್ಪದವಿಲ್ಲ. ಅಂತೆಯೇ ಶನಿವಾರಗಳಂದು ಒಬ್ಬ ಹಿರಿಯನಿಗೆ ಒಬ್ಬ ಕಿರಿಯನನ್ನು ಕಟ್ಟಿ ಆಡಿಸುತ್ತೇವೆ. ನಮ್ಮಲ್ಲಿ ನಿವೃತ್ತ ಮುನೀಮರೊಬ್ಬರಿದ್ದಾರೆ, ಅರವತ್ತೆಂಟರ ವಯಸ್ಸು. ಅವರದು ಸ್ಪಂಜಿಲ್ಲದ, ಬರಿಯ ಗುಳ್ಳೆ ರಬ್ಬರಿನ ಹಳೆಯ ಬ್ಯಾಟು. ಟಕ್ ಟಕ್ ಎಂಬ ಅದರ ಸದ್ದು ಓಣಿಗೆಲ್ಲ ಕೇಳುತ್ತದೆ. 1952ರಲ್ಲಿ ಮುಂಬಯಿಯಲ್ಲಿ ವಿಶ್ವ ಚಾಂಪಿಯನ್ ಪಂದ್ಯಗಳು ನಡೆದಾಗ ಹಿರೋಜಿ ಸಾಟೋ ಎಂಬ ಜಪಾನೀಯನು ದಪ್ಪ ಸ್ಪಂಜಿನ ಬ್ಯಾಟು ಹಿಡಿದು ಬಂದು ಜಗತ್ತಿನ ಘಟಾನುಘಟಿಗಳನ್ನೆಲ್ಲ ಸೋಲಿಸಿದ. ಚೆಂಡಿನ ಸದ್ದನ್ನು ಕೇಳಿ ಅದರ ವೇಗವನ್ನು ಅಳೆಯುತ್ತಿದ್ದವರಿಗೆ ಸದ್ದೇ ಇಲ್ಲದ ಹೊಡೆತ ಅರ್ಥವಾಗಲಿಲ್ಲ. ಈ ಕಥೆಯನ್ನು ನಾನು ಹೇಳಿದಾಗ ಮುನೀಮರು ಕನ್ನಡಕ ಒರೆಸಿಕೊಳ್ಳುತ್ತಾ, “ಸದ್ದಿಲ್ದೆ ಬರೋ ಗಿರಾಕಿನೇ ಡೇಂಜರ್ ರೀ” ಎಂದರು.

ಆ ವರ್ಷಗಳಲ್ಲಿ ಬೀದರು ಹೈದರಾಬಾದ್ ರಾಜ್ಯದ ಜಿಲ್ಲೆ; ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದೇ ಹೈದರಾಬಾದಿನ ಸಯೀದ್ ಸುಲ್ತಾನಾ ಎಂಬ ಹುಡುಗಿ 1949ರಿಂದ 1954ರವರೆಗೆ ಆರು ವರ್ಷ ಒಂದೇ ಸಮನೆ ರಾಷ್ಟ್ರೀಯ ಮಹಿಳಾ ಪ್ರಶಸ್ತಿಯನ್ನು ಗೆದ್ದಳು. ಎಪ್ಪತ್ತು ವರ್ಷಗಳಾದ ಮೇಲೆ, 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ಮಹಿಳಾ ತಂಡವು ಕ್ವಾರ್ಟರ್ ಫೈನಲ್ ತಲುಪಿದಾಗ ಆ ತಂಡದಲ್ಲಿ ಹೈದರಾಬಾದಿನ ಶ್ರೀಜಾ ಅಕುಲ ಇದ್ದರು, ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಇದ್ದರು. ಜರ್ಮನಿಯ ಎದುರು ಸೋತ ಆ ಪಂದ್ಯದಲ್ಲಿ ಭಾರತಕ್ಕೆ ದೊರೆತ ಒಂದೇ ಗೆಲುವು ಅರ್ಚನಾರದು. ಕೆಲವೇ ದಿನಗಳಲ್ಲಿ ಅವರು ಆಟವನ್ನು ಬಿಟ್ಟು ಹೆಚ್ಚಿನ ವ್ಯಾಸಂಗಕ್ಕೆಂದು ಅಮೆರಿಕೆಗೆ ಹೊರಟರು. ಒಲಿಂಪಿಕ್ಸ್ ಆಡಿದವರೇ ಓದಿಗಾಗಿ ಬ್ಯಾಟು ಕೆಳಗಿಟ್ಟರೆಂದ ಮೇಲೆ, ಪಿ.ಯು.ಸಿ. ಪರೀಕ್ಷೆಗೆಂದು ತಪ್ಪಿಸಿಕೊಳ್ಳುವ ನಮ್ಮ ಹುಡುಗರನ್ನು ಬಯ್ಯುವ ಬಾಯಿ ನನಗೆಲ್ಲಿಯದು? ಪರೀಕ್ಷೆ ಮುಗಿದ ಮರುದಿನ ಅವರ ಮನೆಗೆ ಹೋಗಿ ಕರೆಯುತ್ತೇನೆ. ಕರೆದರೆ ಬರುತ್ತಾರೆ, ಕರೆಯದಿದ್ದರೆ ನಾಚಿಕೆಯಿಂದಲೇ ಬರುವುದಿಲ್ಲ.

ಹುಡುಗಿಯರ ವಿಷಯ ಹಾಗಲ್ಲ. ಅಂಗಡಿಯೊಂದರ ಗುಮಾಸ್ತರ ಮಗಳೊಬ್ಬಳು ತಂದೆಗೆ ಚಹಾ ತಂದವಳು ಬಾಗಿಲಲ್ಲಿ ನಿಂತು ಆಟ ನೋಡುತ್ತಿದ್ದಳು. ಬ್ಯಾಟು ಕೊಟ್ಟೆವು. ಆರು ತಿಂಗಳಲ್ಲಿ ಅವಳ ಎಡಗೈ ಸರ್ವಿಸಿಗೆ ನಮ್ಮಲ್ಲಿ ಅರ್ಧ ಮಂದಿ ಉತ್ತರ ಕಾಣದಾದರು. ಒಬ್ಬಳೇ ಹುಡುಗಿಯಾದರೆ ಮನೆಯವರು ಕಳಿಸರು. ಆದುದರಿಂದ ಅವಳ ಗೆಳತಿಯರು ಮೂವರನ್ನು ಸೇರಿಸಿ, ಕತ್ತಲಾಗುವ ಮುನ್ನ ಐದೂವರೆಯಿಂದ ಒಂದು ಗಂಟೆ ಅವರಿಗೇ ಮೀಸಲಿಟ್ಟೆವು. ತಾಯಂದಿರು ಚೀಲಗಳ ಮೇಲೆ ಕುಳಿತು ಮಾತನಾಡುತ್ತಾರೆ. ಅಂಕ ಎಣಿಸುವವರೂ ಈಗ ಅವರೇ.

ಇಷ್ಟೆಲ್ಲ ಆದರೂ ಗಂಜದ ಕೂಟಕ್ಕೆ ಗಂಜದ್ದೇ ಒಂದು ಗ್ರಹಣವುಂಟು. ಎಳ್ಳಮಾವಾಸ್ಯೆಗೆ ಊರೆಲ್ಲ ಹೊಲಕ್ಕೆ ಹೋಗಿ ಭಜ್ಜಿ, ಅಂಬಲಿ ಉಂಡು ಬರುತ್ತದೆ; ಅದರ ಹಿಂದೆಯೇ ತೊಗರಿ ಬರುತ್ತದೆ. ಗೋದಾಮು ತುಂಬುತ್ತದೆ. ಮೇಜನ್ನು ಮಡಚಿ ಗೋಡೆಗೆ ಒರಗಿಸಿದರೆ ಮತ್ತೆ ಬಿಚ್ಚುವುದು ಹೋಳಿಯಾದ ಮೇಲೆಯೇ. ಮೊದಲ ವರ್ಷ ಹಾಗೆ ಮುಚ್ಚುವಾಗ 26 ಮಂದಿಯಿದ್ದೆವು, ತೆರೆದಾಗ 11. ಮರುವರ್ಷ 24ರಲ್ಲಿ 9. ಪ್ರತಿ ವರ್ಷವೂ ತಳಪಾಯದಿಂದ ಕಟ್ಟುವ ಮನೆಯಾಯಿತು ಇದು. ಕಳೆದ ಮಾರ್ಗಶಿರದಲ್ಲಿ ಸಾಹುಕಾರರು ಸಂಕೋಚದಿಂದ, “ಈ ಸಲ ತೊಗರಿ ಜಾಸ್ತಿ ಐತ್ರಿ ಸರ್” ಎಂದಾಗ ನಾನು ಏನು ಹೇಳಲಿ? ಅದು ಅವರ ಅನ್ನ. ಆದರೆ ಆ ಸಂಜೆ ಗುಮಾಸ್ತರ ಮಗಳು ಬ್ಯಾಟನ್ನು ಚೀಲಕ್ಕೆ ಹಾಕುತ್ತಾ, “ಹುಡುಗರು ಹೋಳಿ ಆದ್ಮ್ಯಾಲೆ ಬರ್ತಾರ್ರಿ ಸರ್. ನಮ್ಗ ಒಮ್ಮೆ ಬಿಡಿಸಿದ್ರ ಮತ್ತ ಕಳಸಂಗಿಲ್ರಿ” ಎಂದಳು. ಅವಳಿಗೆ ಹದಿನಾರು ವರ್ಷ. ಮನೆಯಲ್ಲಿ ಮದುವೆಯ ಮಾತು ಆಗಲೇ ಒಂದೆರಡು ಬಾರಿ ಬಂದುಹೋಗಿತ್ತೆಂದು ಅನಂತರ ತಿಳಿಯಿತು.

ಅದನ್ನು ಕೇಳಿಸಿಕೊಂಡವರು ಬಾಗಿಲ ಬಳಿ ಬೀಡಿ ಸೇದುತ್ತಿದ್ದ ಹಮಾಲರು. ಅವರಲ್ಲಿ ಹಿರಿಯನಾದವನು ಒಳಗೆ ಬಂದು ಗೋಡೆಯನ್ನೂ ಛಾವಣಿಯನ್ನೂ ಕಣ್ಣಿನಲ್ಲಿಯೇ ಅಳೆದ. “ಚೀಲ ಗ್ವಾಡಿಗುಂಟ ಇನ್ನೂ ಮ್ಯಾಲ ಏರಿಸ್ತೀವ್ರಿ ಸರ್. ನಡುವ ಜಾಗ ಉಳೀತದ. ಆದ್ರ ಐತವಾರ ಮುಂಜಾನಿ ನಮ್ಗೂ ಒಂದ್ ತಾಸು ಆಡಾಕ ಬಿಡಬೇಕು” ಎಂದ. ಚೀಲವನ್ನು ಹೆಚ್ಚು ಎತ್ತರಕ್ಕೆ ಏರಿಸುವುದೆಂದರೆ ಬೆನ್ನಿಗೆ ಹೆಚ್ಚು ಭಾರ. ಆ ಕರಾರಿನ ಬೆಲೆ ಅವನಿಗೆ ಗೊತ್ತಿತ್ತು. ಸಾಹುಕಾರರು ಒಪ್ಪಿದರು. ಸದಸ್ಯರಲ್ಲಿ ಇಬ್ಬರು ಮಾತ್ರ, ‘ಹಮಾಲರೂ ಇದೇ ಮೇಜಿನ ಮೇಲೆಯೆ?’ ಎಂದು ಮೂಗು ಮುರಿದರು. ಅದಕ್ಕೆ ಉತ್ತರ ಕೊಟ್ಟವರು ಮುನೀಮರು, ಮಾತಿನಿಂದಲ್ಲ. ಮುಂದಿನ ಶನಿವಾರ ಆ ಹಿರಿಯ ಹಮಾಲನನ್ನೇ ತಮ್ಮ ಜೋಡಿಯಾಗಿ ಬರೆಸಿ, ಮೂಗು ಮುರಿದವರೊಡನೆ ಆಡಿ, ಒಂದು ಆಟ ಗೆದ್ದು ಒಂದು ಸೋತರು. ಅವನು ಬರಿಗಾಲಿನಲ್ಲಿ ಆಡುತ್ತಾನೆ. ಚೆಂಡನ್ನು ಎಷ್ಟು ಬಲವಾಗಿ ಹೊಡೆಯಬಾರದೆಂಬುದನ್ನು ಮಾತ್ರ ಇನ್ನೂ ಕಲಿಯಬೇಕಾಗಿದೆ.

ತೊಗರಿಯ ಗೋಡೆಗಳ ನಡುವೆ ಉಳಿದದ್ದು 20 ಅಡಿ ಉದ್ದದ ಓಣಿ. ಮೇಜಿನ ಹಿಂದೆ ಐದೂವರೆ ಅಡಿ ಮಾತ್ರ. ಹಿಂದಕ್ಕೆ ಸರಿದು ಬೀಸಿ ಹೊಡೆಯುವವರಿಗೆ ಮೊಣಕೈ ಚೀಲಕ್ಕೆ ತಾಗುತ್ತದೆ. ಅಂಥವರು ಆ ಮೂರು ತಿಂಗಳು ಬಹಳ ಸೋತರು. ಮೇಜಿಗೆ ಹತ್ತಿರ ನಿಂತು ಚೆಂಡು ಪುಟಿದೊಡನೆ ತಡೆದು ಕಳಿಸುವುದನ್ನು ಕಲಿತವರು ಗೆದ್ದರು. ಅವರಲ್ಲಿ ಗುಮಾಸ್ತರ ಮಗಳು ಮೊದಲಿನವಳು. ಲಾರಿ ಬಂದ ರಾತ್ರಿ ಮೇಜನ್ನು ಮಡಚುವುದು, ಹೋದ ಮೇಲೆ ಬಿಚ್ಚುವುದು. ಒಂದು ದಿನವೂ ಪೂರ್ತಿಯಾಗಿ ಆಟ ನಿಲ್ಲಲಿಲ್ಲ. ಹೋಳಿಗೆ ತಲೆ ಎಣಿಸಿದಾಗ, ಹಮಾಲರು ಆರು ಮಂದಿಯೂ ಸೇರಿ, 31.

ಬೀದರಿಗೆ ಬರುವವರು ಕೋಟೆ ನೋಡಿ ದಣಿದಿದ್ದರೆ ಸಂಜೆ ಏಳರ ಮೇಲೆ ಇತ್ತ ಬನ್ನಿ. ಗಂಜದಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಪಾದರಕ್ಷೆಯ ಕೆಂಪು ಧೂಳನ್ನು ಬಾಗಿಲಲ್ಲಿಯೇ ಕೊಡವಬೇಕು. ಹೊಸಬರಿಗೆ ಐದು ಅಂಕಗಳ ರಿಯಾಯಿತಿ ಉಂಟು. ಚೆಂಡು ಸಾಲದಿದ್ದರೆ ಚಿಂತೆಯಿಲ್ಲ. ಫಾಲ್ಗುಣದಲ್ಲಿ ತೊಗರಿಯ ಕೊನೆಯ ಅಟ್ಟಿಯನ್ನು ಲಾರಿಗೆ ಏರಿಸುವಾಗ ಗೋಡೆಯ ಬುಡದಿಂದ 17 ಚೆಂಡುಗಳು ಹೊರಬಂದುವು. ಹಮಾಲರು ಅವನ್ನು ಪಂಚೆಯ ಮಡಿಲಲ್ಲಿ ತಂದು ಮೇಜಿನ ಮೇಲೆ ಸುರಿದರು. ಅವುಗಳಲ್ಲಿ ನಾಲ್ಕು ಮಾತ್ರ ಒಡೆದಿದ್ದುವು.