ಅವ್ವನೂ ಒಳಗ ಕುಂದರ್ಲಿ

ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. ಕ್ರಿಸ್ಮಸ್ ಹತ್ರನ ಬರತೈತಿ, ಹಂಗಾಗಿ ನಮ್ಮಂಥಾ ಸಭೆಗಳೊಳಗ ಆ ವಾರ ಇಂಥಾ ಮಕ್ಕಳನ್ನ ಮುಂದ ಕರದು, ಶಾಲು ಹೊಚ್ಚಿ, ಕೇಕ್ ಕೊಟ್ಟು, ಫೋಟೋ ತಗೀತಾರ. ತಪ್ಪಂತಲ್ಲ. ಆದ್ರ ವರ್ಷಕ್ಕ 52 ರವಿವಾರ ಅದಾವಲ್ರೀ, ಉಳಿದ 51 ರವಿವಾರ ಆ ಮಕ್ಕಳೂ ಅವರ ಅವ್ವಂದಿರೂ ಎಲ್ಲಿರ್ತಾರ?

ನಮ್ಮ ನಾದಿನಿ ಮಗಗ ಈಗ 22 ವರ್ಷ. ಹುಟ್ಟಿದಾಗ ಅಳಲಿಲ್ಲ. ಆಮ್ಯಾಲ ಡಾಕ್ಟರ್ ಸೆರೆಬ್ರಲ್ ಪಾಲ್ಸಿ ಅಂದ್ರು. ಕೈಕಾಲು ಬಿಗಿ, ಮಾತು ತೊದಲು, ಆದ್ರ ತಿಳುವಳಿಕಿ ಪೂರಾ ಐತಿ. ನನ್ನ ಕಂಡ್ರ "ಅತ್" ಅಂತಾನ, ಅತ್ತಿ ಅನ್ನೂದು ಅವಗ ಅಷ್ಟ ಬರತೈತಿ. ಖುಷಿ ಆದ್ರ ದೊಡ್ಡ ದನಿ ತಗೀತಾನ, ಆಗ ಪ್ರಾರ್ಥನಾ ನಡದಿರ್ಲಿ, ಪ್ರಸಂಗ ನಡದಿರ್ಲಿ. ಸಣ್ಣಾವಿದ್ದಾಗ ನಡೀತು. ಎಂಟೊಂಬತ್ತು ವರ್ಷದಾವ ಆದಮ್ಯಾಲ ಮುಂದಿನ ಬೆಂಚಿನಾವ್ರು ತಿರುಗಿ ತಿರುಗಿ ನೋಡಾಕ ಹತ್ತಿದ್ರು. ಒಬ್ರು ಬಂದು, "ಸ್ವಲ್ಪ ಹೊರಗ ಕರಕೊಂಡು ಹೋಗವಾ" ಅಂದ್ರು. ಅಕಿ ಹೊರಗ, ಸೈಕಲ್ ನಿಲ್ಲಸೂ ಕಡೆ ಕುಂತು ನಾಕು ವರ್ಷ ಆರಾಧನಿ ಕೇಳಿದ್ಲು. ಆಮ್ಯಾಲ ಬರೂದ ಬಿಟ್ಲು.

ಹೊರಗ ಕುಂದರೂದಕ್ಕಿಂತ ಮಾತು ಹೆಚ್ಚು ಚುಚ್ಚತಾವು. ಮನೀಗೆ ಬಂದು ಪ್ರಾರ್ಥನಾ ಮಾಡಿದಾವ್ರು ಕೆಲವ್ರು, "ನಿಮ್ಮ ವಿಶ್ವಾಸ ಕಮ್ಮಿ ಐತಿ, ಅದಕ್ಕ ವಾಸಿ ಆಗವಲ್ದು" ಅಂದು, ಚಾ ಕುಡದು ಹೋದ್ರು. ಯೋಹಾನನ ಸುವಾರ್ತೆ 9ನೇ ಅಧ್ಯಾಯದಾಗ ಹುಟ್ಟುಗುರುಡನ್ನ ನೋಡಿ ಶಿಷ್ಯರೂ ಇದನ್ನ ಕೇಳ್ಯಾರ, ಪಾಪ ಇವಂದೋ ತಂದಿತಾಯಿದೋ ಅಂತ. ಯಾರದೂ ಅಲ್ಲ ಅಂತ ಯೇಸುಸ್ವಾಮಿ ಆ ಮಾತು ಅಲ್ಲೇ ಮುಗಿಸ್ಯಾರ. ನಾವು ಇನ್ನೂ ಮುಗಿಸಿಲ್ಲ.

ಇದು ನಮ್ಮೂರಿನ ಕತಿ ಅಷ್ಟ ಅಲ್ಲ. ಫ್ರಾನ್ಸ್ ದೇಶದಾಗ ಒಂದು ದಂಪತಿಗೆ ಇಬ್ಬರು ಗಂಡಮಕ್ಕಳು, ಇಬ್ಬರೂ ಬುದ್ಧಿಮಾಂದ್ಯರು. ಲೂರ್ದಿಗೆ ಯಾತ್ರಾ ಹೊಂಟಾವ್ರ ಸಂಗಾಟ ಬರತೀವಿ ಅಂದ್ರ, ಬ್ಯಾಡ ಅಂದ್ರಂತ. ಆ ನೋವಿನಿಂದನ 1971ರ ಈಸ್ಟರ್‌ಕ್ಕ ಇಂಥಾ ಕುಟುಂಬಗಳದ ಯಾತ್ರಾ ಆತು, 12,000 ಮಂದಿ ಲೂರ್ದಿನಾಗ ಕೂಡಿದ್ರು. ಅದರಿಂದ ಹುಟ್ಟಿದ್ದ 'ಫೇತ್ ಅಂಡ್ ಲೈಟ್' ಬಳಗ. ಮಕ್ಕಳು, ತಾಯಿತಂದಿ, ಗೆಳ್ಯಾರು ತಿಂಗಳಿಗೊಮ್ಮೆ ಕೂಡಿ ಹಾಡ್ತಾರ, ಪ್ರಾರ್ಥನಾ ಮಾಡ್ತಾರ, ಉಣ್ತಾರ. ಬೆಂಗಳೂರಾಗೂ 1970ರಿಂದ ಆಶಾ ನಿಕೇತನ ಐತಿ. ಅಲ್ಲಿ ಬುದ್ಧಿಮಾಂದ್ಯರೂ ಅವರ ಸಹಾಯಕ್ಕ ಬಂದಾವ್ರೂ ಒಂದ ಮನ್ಯಾಗ ಇರ್ತಾರ.

ನಮ್ಮಲ್ಲಿ ಅಷ್ಟು ದೊಡ್ಡದೇನೂ ಆಗಿಲ್ಲ. ಹೆಣ್ಣುಮಕ್ಕಳ ಕೂಟದಾಗ ನಾವು ನಾಕು ಮಂದಿ ಪಾಳಿ ಹಚ್ಚಿಕೊಂಡ್ವಿ. ಪ್ರತಿ ರವಿವಾರ ಒಬ್ಬಾಕಿ ಆ ಹುಡುಗನ ಬಾಜೂ ಕುಂದರೂದು, ಜೊಲ್ಲು ಒರಸೂದು, ನೀರು ಕುಡಸೂದು. ಅವರವ್ವ ಎರಡು ಬೆಂಚು ಮುಂದ ಕುಂತು ಕಣ್ಣು ಮುಚ್ಚೂದು. ಮೊದಲ ವಾರ ಅಕಿ ಪ್ರಸಂಗದಾಗ ನಿದ್ದಿ ಹೋಗಿಬಿಟ್ಲು. ಯಾರೂ ಎಬ್ಬಿಸಲಿಲ್ಲ.

ಆಮ್ಯಾಲ ಮೆಟ್ಟಲದ ಪ್ರಶ್ನೆ ಬಂತು. ಗೌಂಡಿ ಆರು ಫೂಟಿನ ಇಳಿಜಾರು ಸಾಕಂದ. ನಮ್ಮ ಪೈಕಿ ನರ್ಸ್ ಇದ್ದಾಕಿ ಬಿಡಲಿಲ್ಲ. 1 ಫೂಟ ಎತ್ತರಕ್ಕ 12 ಫೂಟ ಉದ್ದ ಬೇಕು, ಇಲ್ಲಂದ್ರ ಗಾಲಿಕುರ್ಚಿ ಜಾರತೈತಿ ಅಂದ್ಲು. ನಮ್ಮ ಮೂರು ಮೆಟ್ಟಲಾ ಒಂದೂವರಿ ಫೂಟ, ಅಂದ್ರ 18 ಫೂಟ. "ಒಬ್ಬ ಹುಡುಗನ ಸಲುವಾಗಿ ಇಷ್ಟು ಖರ್ಚೇನು?" ಅಂತ ಹಿರಿಯರೊಬ್ರು ಕೇಳಿದ್ರು. ಅಲ್ಲೇ ಕುಂತಿದ್ದ ಆಯಿ ಒಬ್ಬಾಕಿ ಎದ್ದು, "ನನ್ನ ಮೊಣಕಾಲ ಸಲುವಾಗಿ ಮಾಡ್ರಿ ಹಂಗಾರ" ಅಂದ್ಲು. ಈಗ ಆ ದಾರಿ ಮ್ಯಾಲ ಹುಡುಗನಕಿಂತ ಆಯಿಗೋಳ ಓಡಾಟನ ಹೆಚ್ಚು!

ಕರ್ತನ ಭೋಜನದ ದಿನ ಪಾಸ್ಟರ್ ತಾವ ಅವನ ಕಡೆ ಬರ್ತಾರ. ಬರೇ ನೀರಿನಂಥಾದ್ದು ಅವಗ ಗಂಟಲಿಗೆ ಸಿಕ್ಕಿ ಕೆಮ್ಮು ಬರತೈತಿ, ಅದಕ್ಕ ರೊಟ್ಟಿ ಚೂರು ರಸದಾಗ ಅದ್ದಿ ಕೊಡ್ತಾರ. ಕಾಣಿಕಿ ಚೀಲ ಈಗ ಅವನ ತೊಡಿ ಮ್ಯಾಲನ ಇರತೈತಿ, ಮಂದಿ ಅಲ್ಲೇ ಬಂದು ಹಾಕ್ತಾರ. ಇಸಗೊಳ್ಳಾವ ಅಷ್ಟ ಆಗಿದ್ದಾವ ಈಗ ಸಭೆಯ ಕೆಲಸ ಮಾಡ್ತಾನ.

ಪ್ರಾರ್ಥನಾದ ಸಂಗಾಟ ಕಾಗದಪತ್ರಾನೂ ಬೇಕ್ರೀ. 2016ರ ಕಾಯ್ದೆದಾಗ 21 ಥರದ ಅಂಗವೈಕಲ್ಯ ಅದಾವು. ಯುಡಿಐಡಿ ಕಾರ್ಡ್ ಮಾಡಿಸ್ಕೋರಿ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇದ್ದಾವ್ರಿಗೆ 'ನಿರಾಮಯ' ವಿಮಾ ಐತಿ, 1 ಲಕ್ಷ ರೂಪಾಯಿತನಕ. ಇಂಥಾ ಮಕ್ಕಳಿಗೆ 18 ತುಂಬಿದ ಮ್ಯಾಲ ಕಾನೂನಿನ ಪೋಷಕರು ಬೇಕಾದ್ರ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗಳ ಸಮಿತಿಗೆ ಅರ್ಜಿ ಹಾಕಬೇಕು. ಇವೆಲ್ಲಾ ನಾವು ನಾಕು ಮಂದಿ ಕಚೇರಿ ಅಡ್ಡಾಡಿ ಕಲ್ತದ್ದು.

ನಾದಿನಿ ರಾತ್ರಿ ಒಮ್ಮೊಮ್ಮೆ ಫೋನ್ ಮಾಡಿ ಒಂದ ಕೇಳ್ತಾಳ. "ವೈನೀ, ನಾ ಹೋದಮ್ಯಾಲ ಇವನ್ನ ಯಾರು ನೋಡ್ತಾರ?" ದೇವರು ನೋಡ್ತಾನ ಅಂತ ಹೇಳಿ ಫೋನ್ ಇಡಾಕ ನನಗ ಆಗೂದಿಲ್ಲ. ದೇವರು ನೋಡೂದು ಯಾರ ಕೈಲೆ ಅನ್ನೂದು ನಾವ ಹೇಳಬೇಕಲ್ಲ. ಅಕಿ ಪೋಷಕರ ಅರ್ಜಿ ಹಾಕ್ಯಾಳ, ಅಕಿ ನಂತರ ನೋಡಾವ್ರು ಅಂತ ನಮ್ಮ ಮನಿಯವರ ಹೆಸರೂ ನನ್ನ ಹೆಸರೂ ಮನ್ಯಾಗ ಕೂಡಿ ಮಾತಾಡಿ ಒಪ್ಪೀವಿ. ನಮಗೂ ವಯಸ್ಸಾಗತೈತಿ, ಅದಕ್ಕ ನಮ್ಮ ಮಗಳನ್ನೂ ಪಾಳಿಗೆ ಹಚ್ಚೀನಿ.

ನಿಮ್ಮ ಓಣ್ಯಾಗೂ ಇಂಥಾ ಒಂದು ಮನಿ ಇದ್ದ ಇರತೈತಿ. ಹೋದಾಗ "ಏನರ ಸುಧಾರಿಸ್ಯಾನೇನು?" ಅಂತ ಕೇಳಬ್ಯಾಡ್ರಿ. ಹುಡುಗನ್ನ ಮಾತಾಡಸ್ರಿ. ಆಮ್ಯಾಲ ಅವರವ್ವಗ, "ಒಂದು ತಾಸು ನಾ ಕುಂದರ್ತೀನಿ, ನೀ ಮಕ್ಕೋ" ಅನ್ರಿ.